ಅಕ್ಕನ ಮುಂಜಾವಿನ ನೇಮ

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ, ನಮ್ಮ ಇರಕಲ್ಲಗಡದಲ್ಲಿ ಯಾರ ಮನೆಯ ಹೆಣ್ಣುಮಗಳು ಎಷ್ಟು ಹೊತ್ತಿಗೆ ಎದ್ದಳೆಂದು ಯಾರೂ ಇಣುಕಿ ನೋಡಬೇಕಾಗಿರಲಿಲ್ಲ. ಕಿವಿಗೊಟ್ಟರೆ ಸಾಕಿತ್ತು. ನಸುಕು ಹರಿಯುವ ಮೊದಲೇ ಒಂದೊಂದಾಗಿ ಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳ ಏಳುತ್ತಿತ್ತು. ಕುಳ್ಳಿನ ಹೊಗೆ, ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯ ವಾಸನೆ, ಅದರ ಜೊತೆಗೆ ಆ ಸಪ್ಪಳ. ಹಾಸಿಗೆಯಲ್ಲೇ ಹೊರಳುತ್ತಿದ್ದ ಮುದುಕಿಯರು, ‘ಇನ್ನೂ ಆ ಮನ್ಯಾಗ ಸಪ್ಪಳಿಲ್ಲ ನೋಡು’ ಎಂದರೆ ಮುಗಿಯಿತು. ಆ ಮನೆಯ ಸೊಸೆ ಮೈಗಳ್ಳಿ.

ನಮ್ಮ ಅಕ್ಕ ನೀಲವ್ವನಿಗೆ ಅವಳ ಗಂಡನ ಊರಲ್ಲಿ ಬಂದದ್ದು ಇದೇ ಹೆಸರು. ಅವಳನ್ನು ಮಂಗಳೂರಿಗೆ ಕೊಟ್ಟಿದ್ದರು. ಕಡಲ ದಂಡೆಯ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಇಪ್ಪತ್ತು ಇನ್ನೂ ತುಂಬಿರದ ಅಕ್ಕ ಆ ವರ್ಷ ದೀಪಾವಳಿಯ ಹಟ್ಟಿಹಬ್ಬಕ್ಕೆಂದು ತವರಿಗೆ ಬಂದವಳು ಹಬ್ಬ ಮುಗಿದರೂ ಹೋಗಲಿಲ್ಲ. ಕರೆಯಲು ಯಾರೂ ಬರಲೂ ಇಲ್ಲ. ನನಗಾಗ ಎಂಟೊಂಬತ್ತು ವರ್ಷ. ಅಕ್ಕ ಉಳಿದಳೆಂಬ ಸಂತೋಷವೊಂದೇ ನನಗೆ ಗೊತ್ತಿತ್ತು.

ಅಕ್ಕನ ಮುಂಜಾವುಗಳನ್ನು ಕಂಡ ಮೇಲೆ ಆ ಸಂತೋಷ ಸ್ವಲ್ಪ ಇಳಿಯಿತು. ಏಳುವಾಗ ಅವಳ ಬೆರಳುಗಳು ಬಾತಿರುತ್ತಿದ್ದವು. ಮುಷ್ಟಿ ಬಿಗಿದರೆ ಬಿಚ್ಚದು, ಬಿಚ್ಚಿದರೆ ಮಡಚದು. ಸೆರಗು ಸರಿಪಡಿಸಿಕೊಳ್ಳಲೂ ಅವ್ವನನ್ನು ಕರೆಯಬೇಕು. ಬಿಸಿಲು ಅಂಗಳಕ್ಕೆ ಇಳಿದು ಕಟ್ಟೆ ಕಾದ ಮೇಲೆ ಅಕ್ಕ ಅಲ್ಲಿ ಕೂತು ಅಂಗೈಗಳನ್ನು ಕಲ್ಲಿಗೆ ಒತ್ತುತ್ತಿದ್ದಳು. ಹೊತ್ತು ನೆತ್ತಿಗೆ ಬರುವಾಗ ಬೆರಳುಗಳು ಒಂದೊಂದಾಗಿ ಸಡಿಲಾಗುತ್ತಿದ್ದವು. ಮಧ್ಯಾಹ್ನಕ್ಕೆ ಅವಳು ನಮ್ಮ ಹಳೆಯ ಅಕ್ಕನೇ. ಪುಂಡಿಪಲ್ಯ ಸೋಸುವಳು, ಶೇಂಗಾ ಸುಲಿಯುವಳು, ನನ್ನ ಜೊತೆ ಗಜ್ಜುಗ ಆಡಿ ಗೆಲ್ಲುವಳು. ಸೋತ ನನ್ನ ಬಾಯಿಗೆ ಒಂದು ಬೆಲ್ಲದ ಚೂರು ಇಡುವಳು.

ಆ ಮಧ್ಯಾಹ್ನಗಳೇ ಅವಳಿಗೆ ಮುಳುವಾದವು. ಬೆಳಿಗ್ಗೆ ಪೊರಕೆ ಎತ್ತದವಳು ಮಧ್ಯಾಹ್ನ ಆಡುತ್ತಾಳೆಂದರೆ ಅವಳ ನೋವನ್ನು ಯಾರು ನಂಬುತ್ತಾರೆ? ಪಕ್ಕದ ಮನೆಯ ಬಸಜ್ಜಿ ಸೊಂಟ ಹಿಡಿದುಕೊಂಡು ಬಂದು ಹೇಳಿದ್ದು ನನಗೆ ಇನ್ನೂ ನೆನಪಿದೆ.

“ಕೀಲು ಹಿಡಿಯೂ ವಾಯಿ ನನ್ನಂಥಾಕೀಗೆ ಬರೂದವ್ವ, ಹಲ್ಲು ಉದುರಿದಾಕೀಗೆ. ನಿನ್ನ ಮಗಳಿಗೆ ಎಲ್ಲೀ ವಾಯಿ? ಯಾವುದೋ ದೆವ್ವದ ಗಾಳಿ ಬಡದಿರಬೇಕು. ಗಾಳಿ ಇದ್ರ ಹಿಂಗಽ, ಹೊತ್ತು ಏರಿದ್ರ ಬಿಟ್ಟು ಹೋಗ್ತೈತಿ.”

ಅಂತೆಯೇ ಹೇಮಗುಡ್ಡದ ದೇವಿಗೆ ಹರಕೆಯಾಯಿತು, ತಾಯತವಾಯಿತು. ಇನ್ನೊಬ್ಬರು ಬದನೆಕಾಯಿ ತಿನ್ನುವುದನ್ನು ಬಿಡಿಸಿದರು, ಮತ್ತೊಬ್ಬರು ಮಣಿಕಟ್ಟಿಗೆ ಬರೆ ಹಾಕಿದರು. ಗಾಯ ಮಾಯಿತು, ಬೇನೆ ಹೋಗಲಿಲ್ಲ. ಇಷ್ಟರಲ್ಲಿ ಅಕ್ಕನ ಎಡಗೈ ಕಿರುಬೆರಳು ಕೊಂಚ ಓರೆಯಾಗತೊಡಗಿತು. ಒಂದು ದಿನ ಅವ್ವ ಬಾವಿಯಿಂದ ಅರ್ಧ ಕೊಡ ನೀರು ತಂದು ಒಳಗೆ ಇಟ್ಟವಳೇ ಕುಸಿದು ಕೂತಳು. ಬಾವಿಕಟ್ಟೆಯಲ್ಲಿ ಯಾರೋ ಅದರ ಹೆಸರೆತ್ತಿದ್ದರು. ದೊಡ್ಡ ರೋಗ. ಕುಷ್ಠಕ್ಕೆ ನಮ್ಮಲ್ಲಿ ಹಾಗೆನ್ನುತ್ತಿದ್ದರು. ಆ ರೋಗ ಬಂದವರಿಗೆ ಗಂಡನ ಮನೆಯೂ ಇಲ್ಲ, ತವರುಮನೆಯೂ ಇಲ್ಲ, ಊರಾಚೆ ಒಂದು ಗುಡಿಸಲು.

ಎಳ್ಳಮಾವಾಸ್ಯೆ ಕಳೆದು ಚಳಿ ಬಲಿತಿದ್ದ ಕಾಲ. ಒಂದು ಮಧ್ಯಾಹ್ನ ಮಂಗಳೂರಿನಿಂದ ಬಂಡಿ ಬಂತು. ಅಕ್ಕನ ಅತ್ತೆ ಗಂಗವ್ವ ಒಬ್ಬಳೇ ಇಳಿದಳು. ಎತ್ತರದ ಹೆಂಗಸು, ಮಾತು ಗೋಧಿಯೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಗುವಂಥದು. ನಾವಿಬ್ಬರೂ ಕಟ್ಟೆಯ ಮೇಲೆ ಗಜ್ಜುಗ ಹರವಿಕೊಂಡು ಕೂತಿದ್ದೆವು.

“ಏನ್ ಬೀಗತಿ, ನಿನ್ನ ಮಗಳ ಕೈ ಗಜ್ಜುಗಕ್ಕ ಛಲೋ ಅದಾವಲ್ಲ. ಹಿಟ್ಟು ಕಂಡ್ರ ಅಷ್ಟಽ ಬ್ಯಾನಿ ಬರ್ತೈತೇನು?”

ಅವ್ವನ ಮುಖ ಕೆಂಪಾಯಿತು. “ರಾತ್ರಿ ಇರ್ರಿ. ಮುಂಜಾನಿ ಎದ್ದು ನೀವಽ ನೋಡ್ರಿ, ಸೋಗೋ ಖರೇನೋ” ಎಂದಳು.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿ ಅವ್ವನ ಕೈ ಹಿಡಿದುಕೊಂಡಳು. ನಾನು ಒಲೆಯ ಮುಂದಿದ್ದೆ.

“ಯವ್ವಾ, ಆಕೀಗೆ ನನ್ನ ಕೈ ತೋರಿಸಬ್ಯಾಡ. ಮೈಗಳ್ಳಿ ಅಂದ್ರ ಬೈದುಕೋತ ಮನ್ಯಾಗ ಇಟಗೋತಾರ. ರೋಗ ಅಂದ್ರ ಹೊಸ್ತಿಲಾ ದಾಟಸ್ತಾರ. ನನಗ ಮೈಗಳ್ಳಿ ಅನ್ನೂ ಹೆಸರಽ ಇರಲಿ.”

“ಸುಳ್ಳಽ ಬೈಸಿಕೋತಿಯಾ?”

“ಅವರು ಹತ್ರ ಇರ್ತಾರಲ್ಲ ಯವ್ವಾ” ಎಂದಳು ಅಕ್ಕ. ‘ಅವರು’ ಎಂದರೆ ಭಾವ. ಗಂಡನ ಹೆಸರು ಹೇಳುತ್ತಿರಲಿಲ್ಲ ಆಗಿನವರು. ಆದರೆ ಆ ಒಂದು ಮಾತಿನಲ್ಲಿ ಎಷ್ಟು ಆಸೆಯಿತ್ತು ಎಂಬುದು ಆ ವಯಸ್ಸಿನ ನನಗೂ ತಿಳಿಯಿತು. ಅಕ್ಕ ನಮ್ಮಲ್ಲಿ ಉಳಿಯಲಿ ಎಂದು ದಿನಾ ದೇವರಿಗೆ ಕೈಮುಗಿಯುತ್ತಿದ್ದ ನಾನು ಆ ಸಂಜೆ ಏನು ಬೇಡಬೇಕೆಂದು ತೋಚದೆ ಬರಿದೇ ಕೈಮುಗಿದೆ.

ಅವ್ವ ಒಪ್ಪಿದಳು. ಬೀಗತಿ ಏಳುವ ಮೊದಲೇ ಬಚ್ಚಲೊಲೆಗೆ ಬೆಂಕಿ ಹಾಕಿ, ಲಕ್ಕಿ ಗಿಡದ ಎಲೆ ಕುದಿಸಿ, ಆ ನೀರಲ್ಲಿ ಕೈ ಅದ್ದಿಸಿ ಬೆರಳು ಸಡಿಲಿಸಬೇಕು. ಮುಂಜಾನೆ ಹಾಗೆಯೇ ಮಾಡಿದೆವು. ಲಕ್ಕಿಯ ಕಹಿ ಘಾಟು ಬಚ್ಚಲ ತುಂಬಾ ಹರಡಿತ್ತು. ನಾನು ಕಟ್ಟಿಗೆ ಒಟ್ಟುತ್ತಿದ್ದೆ. ಅಕ್ಕ ಮೊಣಕೈವರೆಗೆ ಹಿತ್ತಾಳೆಯ ಬೋಗುಣಿಯಲ್ಲಿ ಕೈಯಿಟ್ಟು, ತುಟಿ ಕಚ್ಚಿ ಕೂತಿದ್ದಳು. ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ತಿರುಗಿ ನೋಡಿದರೆ ಗಂಗವ್ವ.

ಆಕೆ ಒಳಗೆ ಬಂದಳು. ಕೂತು, ಅಕ್ಕನ ಕೈಗಳನ್ನು ನೀರಿನಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಓರೆಯಾದ ಕಿರುಬೆರಳನ್ನು ಬಹಳ ಹೊತ್ತು ನೋಡಿದಳು. ಅವ್ವ ಗೋಡೆಗೆ ಆತು ನಿಂತಿದ್ದಳು. ಗಂಗವ್ವ ಆ ಬೆರಳ ಗೆಣ್ಣನ್ನು ಮೆಲ್ಲಗೆ ಅದುಮಿದಳು. ಅಕ್ಕ ಚೀರಿ ಕೈ ಎಳೆದುಕೊಂಡಳು.

“ನೋಯ್ತೇನು?”

ಅಕ್ಕ ಅಳುತ್ತ ಹೌದೆಂದು ತಲೆಯಾಡಿಸಿದಳು.

ಗಂಗವ್ವ ಉಸಿರು ಬಿಟ್ಟಳು. “ಶಿವಾ, ನೋಯ್ತಲ್ಲ, ಸಾಕು. ನನ್ನ ತವರೂರಾಗ ದೊಡ್ಡ ರೋಗ ಅಂತ ಒಬ್ಬಾಕೀನ ಹೊರಗ ಹಾಕಿದ್ರು. ಆಕಿ ಬೆರಳಿಗೆ ಕೆಂಡ ತಾಗಿದ್ರೂ ಗೊತ್ತಾಗ್ತಿರಲಿಲ್ಲ. ಇದು ಅದಲ್ಲ. ಏನಂತ ನನಗ ತಿಳೀದು, ಆದ್ರ ಅದಲ್ಲ.”

ಇಷ್ಟು ದಿನ ದೇವರಲ್ಲಿ ನೋವು ಹೋಗಲಿ ಎಂದು ಬೇಡಿದ್ದ ಅವ್ವ, ಆ ನೋವೇ ಮಗಳನ್ನು ಕಾಯ್ದದ್ದು ಕಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಿವನ ಕರುಣೆ ಎಷ್ಟು ಸಣ್ಣ ರೂಪದಲ್ಲಿ ಬರುತ್ತದೆಂದು ನಾನು ಮೊದಲು ಕಂಡದ್ದು ಅಲ್ಲಿ, ಬಚ್ಚಲಲ್ಲಿ.

“ನಿನಗ ತಿಳೀತು, ನಿಮ್ಮ ಊರಿಗೆ ಹ್ಯಾಂಗ ತಿಳಿಸೂದು?” ಎಂದಳು ಅವ್ವ. ಬಹುವಚನ ಮರೆತೇಹೋಗಿತ್ತು.

ಗಂಗವ್ವ ಅಕ್ಕನ ಕೈಗಳನ್ನು ಮತ್ತೆ ಬಿಸಿನೀರಿಗೆ ಇಳಿಸಿದಳು. “ನೇಮ ಹಿಡದಾಳ ಅಂತ ಹೇಳ್ತೀನಿ. ಹೊತ್ತು ಮ್ಯಾಲ ಬರೂತನಕ ದೇವರ ಮುಂದಿಂದ ಏಳೂದಿಲ್ಲ, ಒಲಿ ಮುಟ್ಟೂದಿಲ್ಲ. ನೇಮ ಅಂದ್ರ ಯಾರು ಬಾಯಿ ತಗೀತಾರ?”

“ದೇವರ ಹೆಸರಲೆ ಸುಳ್ಳಾ?” ಅವ್ವ ಹೆದರಿದಳು.

“ಸುಳ್ಳು ಯಾಕವ್ವ? ಖರೇನಽ ಕುಂದ್ರಲಿ, ನಾಮ ನೆನೀಲಿ. ರೊಟ್ಟಿ ಬಡಿಯಾಕ ನನ್ನ ರಟ್ಟಿ ಇನ್ನೂ ಗಟ್ಟಿ ಅದಾವ. ಪಾಪ ಬಂದ್ರ ಅದೂ ನನಗಽ ಬರಲಿ.” ಆಮೇಲೆ ಸೊಸೆಯ ಕಡೆ ತಿರುಗಿ, “ಮೊದಲಽ ಹೇಳಾಕ ಏನಾಗಿತ್ತು ನಿನಗ? ಬಾಯಿಗೂ ಬ್ಯಾನೀನಾ?” ಎಂದು ಗದರಿದಳು. ಅಕ್ಕ ಅಳುತ್ತಲೇ ನಕ್ಕಳು.

ಅಂದೇ ಅಕ್ಕ ಉಡಿ ತುಂಬಿಸಿಕೊಂಡು ಬಂಡಿ ಹತ್ತಿದಳು. ಅತ್ತೆಯೇ ಅವಳ ರಟ್ಟೆ ಹಿಡಿದು ಹತ್ತಿಸಿದಳು. ನಾನು ಹಳ್ಳದ ತನಕ ಬಂಡಿಯ ಹಿಂದೆ ಹೋದೆ. ಕೆಲವೇ ದಿನಕ್ಕೆ ಬಂದ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ ಎಲ್ಲ ಮಾಡಿದ್ದರು. ನಾನು ಯಾವುದನ್ನೂ ತಿನ್ನದೆ ಗಜ್ಜುಗ ಹಿಡಿದು ಕಟ್ಟೆಯ ಮೇಲೆ ಕೂತೆ.

ಮಂಗಳೂರಿನಲ್ಲಿ ಅಕ್ಕನಿಗೆ ನೇಮದ ನೀಲವ್ವ ಎಂದೇ ಹೆಸರು ನಿಂತಿತು. ಮೈಗಳ್ಳಿ ಎಂದಿದ್ದ ಬಾಯಿಗಳೇ ಕೂಸಿಗೆ ಜ್ವರ ಬಂದರೆ ಅವಳ ಬಳಿ ವಿಭೂತಿ ಕೇಳಲು ಬರುತ್ತಿದ್ದವಂತೆ. ಗಂಗವ್ವ ಇರುವ ತನಕ ಆ ಮನೆಯ ಮುಂಜಾವಿನ ರೊಟ್ಟಿ ಅವಳದೇ.

ಎಷ್ಟೋ ವರ್ಷಗಳ ಮೇಲೆ, ಅಕ್ಕನ ಕೈಕಾಲು ಪೂರ ಸೊಟ್ಟಗಾದಾಗ, ನಾನೇ ಅವಳನ್ನು ಕೊಪ್ಪಳದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ಇದು ವಯಸ್ಸಾಗಿ ಕೀಲು ಸವೆದು ಬರುವುದಲ್ಲ, ಹರೆಯದಲ್ಲೇ ಹಿಡಿಯುವಂಥದು, ದೇಹವೇ ತನ್ನ ಕೀಲುಗಳ ಮೇಲೆ ಮುನಿದು ಬೀಳುವ ರೋಗ ಎಂದರು ಅವರು. ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ಅಕ್ಕ ಅದನ್ನು ಹೇಳಲು ನೋಡಿ, ಆಗದೆ ನಕ್ಕು, “ನಮ್ಮತ್ತಿ ಇಟ್ಟ ಹೆಸರಽ ಛಲೋ ಇತ್ತು. ಆಕಿ ಹೋದಮ್ಯಾಲ ಇದು ಬರೀ ಬ್ಯಾನಿ ಆತು” ಎಂದಳು.

ಅಕ್ಕ ಹೋಗಿ ಬಹಳ ಕಾಲವಾಯಿತು. ಈಗ ನಮ್ಮ ಓಣಿಯ ಒಬ್ಬ ಸೊಸೆಗೆ ಅದೇ ರೋಗ. ಹೆಸರು ಗೊತ್ತಿದೆ, ಮಾತ್ರೆಗಳಿವೆ, ಅವಳ ಬೆರಳು ಓರೆಯಾಗಿಲ್ಲ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಆದರೂ ಮೊನ್ನೆ ಯಾರೋ ಅವಳಿಗೆ, ‘ಈ ವಯಸ್ಸಿಗಽ ಮುದುಕರ ಬ್ಯಾನಿ ಏನವ್ವ’ ಎಂದರು. ಹುಡುಗಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಅವಳ ಅತ್ತೆಯ ಮುಖ ನೋಡಿದೆ, ಗಂಗವ್ವನಂತೆ ಏನಾದರೂ ಹೇಳುತ್ತಾಳೇನೋ ಎಂದು. ಆಕೆ ಮುಖ ತಿರುಗಿಸಿ ಬೇರೆ ಕಡೆ ನೋಡುತ್ತಿದ್ದಳು.