ತಪ್ಪೊಪ್ಪಣ್ಣನ ನಾಲ್ಕು ಪದಗಳು

ನಮ್ಮ ಬಾಟಲಿ ಕಾರ್ಖಾನೆಯ ಹೆಡ್ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಕೆಲಸಗಾರರು ಇಟ್ಟದ್ದು ತಪ್ಪೊಪ್ಪಣ್ಣ. ಯಾರ ಕೈಯಿಂದ ಏನೇ ಎಡವಟ್ಟಾಗಲಿ, ತಪ್ಪು ಒಪ್ಪಿಕೊಳ್ಳುವ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಅವರಿಂದ ಸಹಿ ಹಾಕಿಸಿಕೊಳ್ಳುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ. ಎದುರಿಗೆ ನಿಂತವರು ಅಳುತ್ತಿದ್ದರೆ ಅವನ ಅಕ್ಷರ ಇನ್ನಷ್ಟು ಮುದ್ದಾಗುತ್ತಿತ್ತು.

ನಾನು ಅವನ ಎದುರು ಮೇಜಿನ ಟೈಪಿಸ್ಟ್. ಅವನ ವಿಷಯದಲ್ಲಿ ನನ್ನಿಂದ ನ್ಯಾಯ ನಿರೀಕ್ಷಿಸಬೇಡಿ. ಆದರೂ ಒಂದು ಮಾತು ಹೇಳಲೇಬೇಕು. ಅವನು ಈ ಕಾರ್ಖಾನೆಗೆ ಬಂದದ್ದು ಮರಳು ಹೊರಲು. ಊಟದ ಹೊತ್ತಿನಲ್ಲಿ ಒಬ್ಬನೇ ಕೂತು, ರಟ್ಟು ಹರಿದ ಇಂಗ್ಲಿಷ್ ನಿಘಂಟನ್ನು ದಿನಕ್ಕೊಂದು ಪುಟ ಬಾಯಿಪಾಠ ಮಾಡಿ, ಮರಳ ರಾಶಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಬಂದ. ಇದನ್ನು ಮೆಚ್ಚಬೇಕು. ಮೆಚ್ಚುವಾಗಲೂ ನನಗೆ ಮೈ ಉರಿಯುತ್ತದೆ.

ಅಷ್ಟು ದೊಡ್ಡ ನಿಘಂಟಿನಲ್ಲಿ ಅವನು ಕೆಲಸಕ್ಕೆ ಇಟ್ಟುಕೊಂಡದ್ದು ನಾಲ್ಕೇ ಪದ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಪಾಠ ಮಾಡಿದ.

"ನೋಡಮ್ಮ, ರಿಗ್ರೆಟ್ ಅಂದ್ರೆ ಬೇಜಾರಾಯ್ತು ಅಂತ, ಅಷ್ಟೆ. ತಪ್ಪು ಯಾರದು ಅನ್ನೋದು ಅದ್ರಲ್ಲಿಲ್ಲ. ಅಡ್ಮಿಟ್ ಅಂದ್ರೆ, ಹೌದು, ನಾನೇ ಮಾಡ್ದೆ ಅಂತ. ಕನ್ಫೆಸ್ ಅಂದ್ರೆ ಅದನ್ನೇ ಅಳ್ತಾ ಹೇಳೋದು. ಸರೆಂಡರ್ ಅಂದ್ರೆ ಮುಗೀತು, ಎರಡೂ ಕೈ ಎತ್ತಿಬಿಡೋದು. ನನ್ನನ್ನ ಏನ್ ಬೇಕಾದ್ರೂ ಮಾಡ್ಕೊಳಿ ಅಂತ."

ಮ್ಯಾನೇಜರಿಗೆ ಪತ್ರ ಓದುವ ತಾಳ್ಮೆಯಿರಲಿಲ್ಲ. ಹಾಗಾಗಿ ತಪ್ಪೊಪ್ಪಣ್ಣ ಆ ಒಂದು ಪದದ ಕೆಳಗೆ ಕೆಂಪು ಗೆರೆ ಎಳೆದು ಕಳಿಸುತ್ತಿದ್ದ. ರಿಗ್ರೆಟ್ ಇದ್ದರೆ ಬೈಗುಳ, ಅಡ್ಮಿಟ್ ಇದ್ದರೆ ಎಚ್ಚರಿಕೆ, ಕನ್ಫೆಸ್ ಇದ್ದರೆ ಒಂದು ವಾರ ಮನೆ. ಸರೆಂಡರ್ ಇದ್ದರೆ ಗೇಟಿನಿಂದಾಚೆ. ಯಾರಿಗೆ ಯಾವ ಪದ ಎಂಬುದು ತಪ್ಪಿನ ಮೇಲಲ್ಲ, ಅವನ ಮರ್ಜಿಯ ಮೇಲೆ ಇತ್ತು. ಕುಲುಮೆ ಒಡೆದವನು ನಮಸ್ಕಾರ ಹಾಕುವವನಾದರೆ ರಿಗ್ರೆಟ್ಟಿನಲ್ಲೇ ಪಾರಾಗುತ್ತಿದ್ದ.

ನನ್ನ ಚಿಕ್ಕಮ್ಮ ಪಾರಾಗಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಇದೇ ಕಾರ್ಖಾನೆಯಲ್ಲಿ ಹದಿನೇಳು ವರ್ಷ ದೀಪದ ಮುಂದೆ ಕೂತು, ಸಾಲಾಗಿ ಬರುವ ಬಾಟಲಿಗಳಲ್ಲಿ ಬಿರುಕು ಹುಡುಕಿದಳು. ಒಮ್ಮೆ ತಪ್ಪೊಪ್ಪಣ್ಣ ಹಸಿ ಬಣ್ಣದ ಬೆಂಚಿನ ಮೇಲೆ ಕೂತು ಎದ್ದಾಗ ಅವನ ಪ್ಯಾಂಟಿನ ಹಿಂದೆ ಹಸಿರು ಗೆರೆಗಳು ಮೂಡಿದ್ದವು. "ಸಾರ್, ಹಿಂದ್ಗಡೆ ರೂಲ್ ಹಾಕ್ಸಿದೀರ, ಪತ್ರ ಅಲ್ಲೇ ಬರೀಬಹುದು" ಅಂದಳು ಚಿಕ್ಕಮ್ಮ. ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು.

ಮುಂದಿನ ತಿಂಗಳು ಅವಳು ನೆಲದ ಮೇಲೆ ಸೋರಿದ್ದ ಎಣ್ಣೆಯಲ್ಲಿ ಜಾರಿ ಒಂದು ಕ್ರೇಟ್ ಬಾಟಲಿ ಒಡೆದಳು. ಒಂದೇ ಒಂದು ಕ್ರೇಟ್. ಅವನು ಪತ್ರ ಬರೆದು ಮುಂದಿಟ್ಟ.

"ಏನ್ ಬರ್ದಿದೀರ ಸಾರ್?"

"ಕ್ಷಮಿಸಿ ಅಂತ ಬರ್ದಿದೀನಮ್ಮ. ಸಹಿ ಹಾಕು."

ಅಲ್ಲಿಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಆ ವರ್ಷವೇ ನಾನು ಸಹಿ ಕಲಿಸಿದ್ದೆ. ಅವಳು ಹಾಕಿದಳು. ಮರುದಿನ ಕಾವಲುಗಾರ ಅವಳನ್ನು ಒಳಗೆ ಬಿಡಲಿಲ್ಲ.

ಎರಡು ವರ್ಷ ಕಳೆದು ನಾನು ಅಲ್ಲೇ ಟೈಪಿಸ್ಟ್ ಆಗಿ ಸೇರಿದೆ. ನಾನು ಯಾರ ಮನೆಯವಳೆಂದು ಅವನು ಕೇಳಲಿಲ್ಲ. ನನಗೆ ಬೇಕಾಗಿದ್ದುದು ಇಷ್ಟೇ: ಅವನ ಹೆಸರಿನ ಪತ್ರದಲ್ಲಿ ಆ ನಾಲ್ಕನೆಯ ಪದ, ಅದರ ಕೆಳಗೆ ಕೆಂಪು ಗೆರೆ, ಅವನ ಸಹಿ. ಆರು ವರ್ಷ ಹಲ್ಲು ಕಚ್ಚಿಕೊಂಡು ಕಾದೆ.

ಕೊನೆಗೂ ಎಡವಿದ. ದೊಡ್ಡ ಕುಲುಮೆಯನ್ನು ರಿಪೇರಿಗೆ ಆರಿಸುವ ನೋಟಿಸಿನಲ್ಲಿ ತಾರೀಕು ಇಪ್ಪತ್ತೊಂದು ಎನ್ನುವ ಕಡೆ ಹನ್ನೆರಡು ಎಂದು ಬರೆದ. ಹನ್ನೆರಡಕ್ಕೇ ಆರಿಸಿಬಿಟ್ಟರು. ತುಂಬಿದ್ದ ಗಾಜು ಒಳಗೇ ಕಲ್ಲಾಯಿತು, ಕಾರ್ಖಾನೆ ಎಂಟು ದಿನ ನಿಂತಿತು. ತಪ್ಪು ಮಾಡಿದವರು ತಮ್ಮ ಪತ್ರ ತಾವೇ ಬರೆಯಬಾರದು ಎಂಬ ನಿಯಮ ಮಾಡಿದ್ದವನು ಅವನೇ. "ನೀನೇ ಬರಿಯಮ್ಮ" ಎಂದು ಮ್ಯಾನೇಜರ್ ನನಗೆ ಹೇಳಿದರು. ಬೆಳಿಗ್ಗೆಯೇ ಮನೆಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ತಿಳಿಸಿದೆ.

ಅವನು ನನ್ನ ಮೇಜಿನ ಮುಂದೆ ನಿಂತ. ಎಲ್ಲರೂ ನಿಲ್ಲುವ ಹಾಗೆ, ಕೈ ಕಟ್ಟಿಕೊಂಡು.

"ರಿಗ್ರೆಟ್ ಹಾಕಮ್ಮ. ನಿನ್ನ ತಂದೆ ಸಮಾನ ನಾನು."

ನಾನು ನಿಧಾನವಾಗಿ ಟೈಪ್ ಮಾಡಿದೆ. ಅಷ್ಟು ಸುಖವಾಗಿ ಜೀವಮಾನದಲ್ಲಿ ಟೈಪ್ ಮಾಡಿದವಳಲ್ಲ. "ಸಾರ್, ನಿಮ್ಮ ಕೆಂಪು ಪೆನ್ನು ಕೊಡಿ" ಅಂದೆ. ಕೊಟ್ಟ. ಗೆರೆ ಎಳೆದು ಪತ್ರವನ್ನು ಅವನ ಮುಂದಿಟ್ಟೆ.

ಅವನು ಓದಿದ. ಮುಖ ಬಿಳಿಚಿತು. "ಯಾಕಮ್ಮ? ನಾನು ನಿಂಗೇನ್ ಮಾಡಿದ್ದೆ?"

ಚಿಕ್ಕಮ್ಮನ ಹೆಸರು ಹೇಳಿದೆ. ಅವನಿಗೆ ಗೊತ್ತಾಗಲಿಲ್ಲ. ಒಡೆದ ಕ್ರೇಟ್ ಹೇಳಿದೆ, ಆಗಲೂ ಗೊತ್ತಾಗಲಿಲ್ಲ. ಬೆಂಚಿನ ವಿಷಯ ತೆಗೆದಾಗ ಕಣ್ಣು ಅರಳಿತು. "ಓ, ಅದಾ! ಒಳ್ಳೆ ಪ್ಯಾಂಟು ಕಣಮ್ಮ. ಎಷ್ಟು ಒಗೆದ್ರೂ ಹೋಗ್ಲಿಲ್ಲ."

ಆಮೇಲೆ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಪೆನ್ನನ್ನೂ ವಾಪಸ್ ತೆಗೆದುಕೊಂಡ.

"ಸಹಿ, ಸಾರ್?"

"ಹಾಕಲ್ಲ."

"ಹಾಕ್ಲೇಬೇಕಲ್ವಾ?"

"ಯಾಕೆ? ಸಹಿ ಇಲ್ದೆ ಯಾರನ್ನೂ ಕಳ್ಸೋಕಾಗಲ್ಲ. ವಿಚಾರಣೆ ನಡೆಸ್ಬೇಕು, ಸಾಕ್ಷಿ ಕರೀಬೇಕು, ತಿಂಗಳುಗಟ್ಲೆ ತಲೆನೋವು. ಇವ್ರಿಗೆಲ್ಲಿದೆ ಅಷ್ಟು ಪುರುಸೊತ್ತು?"

"ಮತ್ತೆ ಇಷ್ಟು ವರ್ಷ ಎಲ್ರೂ..."

"ನಾನು ಹಾಕು ಅಂದೆ, ಹಾಕಿದ್ರು. ಹಾಕ್ದೆ ಇದ್ರೆ ಏನಾಗುತ್ತೆ ಅಂತ ಒಬ್ರಾದ್ರೂ ಕೇಳಿದ್ರಾ?" ಅವನು ಹೀಯಾಳಿಸುತ್ತಿರಲಿಲ್ಲ. ಅವನಿಗೆ ಅದು ನಿಜವಾಗಿಯೂ ಸೋಜಿಗವಾಗಿತ್ತು.

ಮ್ಯಾನೇಜರ್ ಕೆಲವು ದಿನ ಗೊಣಗಿ, ಕುಲುಮೆ ಹೊತ್ತಿಕೊಂಡ ಮೇಲೆ ಸುಮ್ಮನಾದರು. ತಪ್ಪೊಪ್ಪಣ್ಣ ಇನ್ನೂ ಮೂರು ವರ್ಷ ಅದೇ ಫ್ಯಾನಿನ ಕೆಳಗೆ ಕೂತು ನಿವೃತ್ತನಾದ. ಆ ಮೂರು ವರ್ಷ ಪತ್ರಕ್ಕೆ ಬಂದವರನ್ನೆಲ್ಲ ನಾನು ಬಾಗಿಲಲ್ಲೇ ತಡೆದು, ಸಹಿ ಹಾಕಬೇಡಿ, ಏನೂ ಆಗಲ್ಲ ಎಂದು ಪಿಸುಗುಟ್ಟಿದೆ. ನನ್ನನ್ನೇ ಅನುಮಾನದಿಂದ ನೋಡಿ, ಒಳಗೆ ಹೋಗಿ ಸಹಿ ಹಾಕಿದರು.

ಅದು ಆಮೇಲಿನ ಮಾತು. ಆ ಸಂಜೆ ಮನೆಗೆ ಹೋದಾಗ ಚಿಕ್ಕಮ್ಮ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನೋಡಿ ವರ್ಷಗಳೇ ಆಗಿದ್ದವು.

"ಹಾಕಿದ್ನಾ ಸಹಿ?"

"ಹಾಕಿದ, ಚಿಕ್ಕಮ್ಮ."

"ಕೈ ನಡುಗ್ತಾ?"

"ನಡುಗ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂದು ಒಂಚೂರೂ ನಡುಗಿರ್ಲಿಲ್ಲ ಕಣೇ" ಅಂದಳು. "ನೀನು ಕಲ್ಸಿದ್ಯಲ್ಲ, ಹಾಗೇ ದುಂಡಗೆ ಹಾಕಿದ್ದೆ."