ಆಶಾನ್ ಕೇಳಿದ ತಿದ್ದುಪಡಿ

ಬಿಸಿ ಎಂಜಿನ್ನಿನ ಮೇಲೆ ಟಾಲ್ಕಂ ಪೌಡರ್ ಬಿದ್ದರೆ ಒಂದು ವಾಸನೆ ಏಳುತ್ತದೆ. ಅರ್ಧ ತೊಟ್ಟಿಲಿನದು, ಅರ್ಧ ಗ್ಯಾರೇಜಿನದು. ಕಳೆದ ವಾರ ತಿರುವನಂತಪುರದ ಉಳ್ಳೂರಿನ ನಮ್ಮ ಫ್ಲ್ಯಾಟಿನ ನೆಲಮಾಳಿಗೆಯಲ್ಲಿ, ನನ್ನ ಹಳೆಯ ಕಾರಿನ ಬಾನೆಟ್ ಎತ್ತಿ ಪೌಡರ್ ಉದುರಿಸಿದಾಗ ಆ ವಾಸನೆ ಎದ್ದಿತು. ಕಾರಿನ ಕೆಳಗೆ ಅಂಗೈಯಗಲದ ಎಣ್ಣೆಕಲೆ ಇತ್ತು. ಲಿಫ್ಟಿನ ಪಕ್ಕದಲ್ಲಿ ನಿವಾಸಿಗಳ ಸಂಘದ ನೋಟೀಸೂ ಇತ್ತು: ಎಣ್ಣೆ ಸೋರುವ ಹಳೆಯ ವಾಹನಗಳನ್ನು ಮಾಲೀಕರು ತೆರವುಗೊಳಿಸಬೇಕು. ಕಳಕ್ಕೂಟಂ ಕಡೆ ತೋರಿಸಲು ಹೋಗಿದ್ದ ಗ್ಯಾರೇಜಿನಾತ ಬಗ್ಗಿಯೂ ನೋಡದೆ, "ಪ್ರಾಯವಾಯ್ತಲ್ಲ ಸಾರ್, ಕೊಟ್ಟುಬಿಡಿ" ಎಂದಿದ್ದ.

ಆ ಮಾತು ಕೇಳಿ ಕಾರು ತಿರುಗಿಸಿಕೊಂಡು ಬಂದೆ. ಅದನ್ನು ಒಪ್ಪದ ಒಬ್ಬರು ನನಗೆ ಗೊತ್ತಿದ್ದರು...

ಆಗ ನಾನು ಕೊಚ್ಚಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯ ವರದಿಗಾರ. ಕಳಮಶ್ಶೇರಿಯ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಅವರ ಲಾರಿ ವರ್ಕ್‌ಶಾಪು ಇತ್ತು. ಕೆಲಸ ಬಲ್ಲ ಗುರುವನ್ನು ಅಲ್ಲಿ ಆಶಾನ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಅವರು ಕುಂಬಳೆ ಕಡೆಯವರು, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ಮೊದಲ ದಿನ ನನ್ನ ಮಲಯಾಳವನ್ನು ಎರಡು ನಿಮಿಷ ಸಹಿಸಿಕೊಂಡು, "ಕನ್ನಡದವರಲ್ವಾ? ಕನ್ನಡದಲ್ಲೇ ಹೇಳಿ ಮಾರಾಯ್ರೆ, ಇಬ್ಬರಿಗೂ ಕಷ್ಟ ಯಾಕೆ" ಎಂದು ಸ್ಟೂಲು ಎಳೆದುಕೊಟ್ಟರು.

ಹೋದದ್ದು ಹಳೆಯ ಲಾರಿಗಳ ಬಗ್ಗೆ ಭಾನುವಾರದ ಪುರವಣಿಗೆ ಒಂದು ಲೇಖನ ಬರೆಯಲು. ಆ ಬೆಳಿಗ್ಗೆಯಷ್ಟೇ ಬಂದು ನಿಂತಿದ್ದ ಒಂದು ಲಾರಿಯ ಅಡಿಯಲ್ಲಿ ತಟ್ಟೆ ಇಟ್ಟಿದ್ದರು; ಅದರೊಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಮ್ಮ ಛಾಯಾಗ್ರಾಹಕ ಅದನ್ನು ಚೆನ್ನಾಗಿ ತೆಗೆದ. ಚಿತ್ರದ ಕೆಳಗಿನ ಸಾಲು ನನ್ನದು: ವಯಸ್ಸಾದ ಎಂಜಿನ್, ಎಣ್ಣೆ ಸೋರುವುದು ಸಹಜ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಪುಟದಲ್ಲಿ ಒಂದು ಸಾಲಿನ ಜಾಗ ಖಾಲಿ ಇತ್ತು, ತುಂಬಿಸಿದೆ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಫೋನು ಬಂತು. "ಒಮ್ಮೆ ಬಂದು ಹೋಗಿ" ಎಂದಷ್ಟೇ ಹೇಳಿ ಇಟ್ಟರು.

ಲಾರಿಯ ಪಕ್ಕ ಅದರ ಮಾಲೀಕ ನಿಂತಿದ್ದ. ಅವನೇ ಓಡಿಸುವವನು, ಎಲ್ಲರೂ ಡ್ರೈವರ್ ಚೇಟ್ಟನ್, ಅಂದರೆ ಡ್ರೈವರಣ್ಣ, ಎನ್ನುತ್ತಿದ್ದರು. ಹಂಚಿನ ಲೋಡು ಹೊಡೆಯುವ ಆ ಒಂದೇ ಲಾರಿ ಅವನಿಗಿದ್ದದ್ದು. ಎಣ್ಣೆ ಸೋರುತ್ತದೆಂದು ಫಿಟ್‌ನೆಸ್ ತಪಾಸಣೆಯಲ್ಲಿ ಒಮ್ಮೆ ತಿರಸ್ಕಾರವಾಗಿತ್ತು. ಎರಡನೆಯ ತಪಾಸಣೆ ಬರುವ ಶುಕ್ರವಾರ. ಮೂರು ವರ್ಕ್‌ಶಾಪುಗಳವರು ಗೇರ್‌ಬಾಕ್ಸ್ ಇಳಿಸಿ ಹಿಂದಿನ ಸೀಲು ಬದಲಿಸಿದ್ದರು. ಸೋರಿಕೆ ನಿಂತಿರಲಿಲ್ಲ. ನಾಲ್ಕನೆಯದಾಗಿ ಆಶಾನ್ ಬಳಿಗೆ ತಂದಿದ್ದ. ಅಷ್ಟರಲ್ಲಿ ಭಾನುವಾರ ಅವನ ಮಗ ನನ್ನ ಸಾಲನ್ನು ಓದಿ ಹೇಳಿ, "ಪೇಪರಿನವರೇ ಬರೆದಿದ್ದಾರೆ ಅಪ್ಪಾ, ಇನ್ನೇನು" ಎಂದು ಗುಜರಿಯವನಿಗೆ ಶನಿವಾರ ಬರಲು ಹೇಳಿಬಿಟ್ಟಿದ್ದ.

"ಸಹಜ ಅಂತ ಯಾರು ಹೇಳಿದ್ದು ನಿಮಗೆ?" ಆಶಾನ್ ಕೇಳಿದರು. ಸ್ವರ ಏರಲಿಲ್ಲ.

"ಸಾಮಾನ್ಯವಾಗಿ ಹಳೆಯ ಎಂಜಿನ್ ಅಂದ್ರೆ..."

"ಸಾಮಾನ್ಯದ್ದು ಬೇಡ. ಈ ಲಾರಿದು ಹೇಳಿ. ಎಲ್ಲಿಂದ ಸೋರ್ತಾ ಉಂಟು?"

ನನಗೆ ಗೊತ್ತಿರಲಿಲ್ಲ.

"ನಿಮಗೆ ಗೊತ್ತಿಲ್ಲದ್ದಕ್ಕೆ ನೀವು ಪ್ರಾಯ ಅಂತ ಹೆಸರಿಟ್ಟಿದ್ದೀರಿ. ಶುಕ್ರವಾರದವರೆಗೆ ಬಂದು ಕೂತು ನೋಡಿ. ಆಮೇಲೆ ಬರೀರಿ."

ನನ್ನ ಪಾಳಿ ಮಧ್ಯಾಹ್ನದ ನಂತರ. ಆ ವಾರ ದಿನಾ ಬೆಳಿಗ್ಗೆ ಹೋಗಿ ಅದೇ ಸ್ಟೂಲಿನ ಮೇಲೆ ಕೂತೆ.

ಮಂಗಳವಾರ ಅವರು ಮೊದಲಿಗೆ ಸೀಲು, ಬೋಲ್ಟು ಯಾವುದನ್ನೂ ಮುಟ್ಟಲಿಲ್ಲ. ಡೀಸೆಲ್ಲಿನಲ್ಲಿ ಬ್ರಶ್ ಅದ್ದಿ, ಸೋಪಿನ ನೀರು ಹೊಯ್ದು, ವರ್ಷಗಳಿಂದ ಕಟ್ಟಿದ್ದ ಕರಿ ಮಡ್ಡಿಯನ್ನು ಉಜ್ಜಿ ತೆಗೆದರು. ಒಳಗಿನಿಂದ ಹಸಿರು ಬಣ್ಣ ಕಂಡಿತು. ಡ್ರೈವರ್ ಚೇಟ್ಟನ್, "ಇದು ಹಸಿರು ಅಂತ ನನಗೇ ಮರೆತಿತ್ತು" ಎಂದ. ಗಾಳಿ ಹೊಡೆದು ಒಣಗಿಸಿ, ಒಂದು ಡಬ್ಬಿ ಪೌಡರನ್ನು ಮೈತುಂಬ ಉದುರಿಸಿ, "ಮದುಮಗ ತಯಾರು" ಎಂದು ಸ್ಟಾರ್ಟ್ ಮಾಡಿಸಿದರು. ಅರ್ಧ ಗಂಟೆ ಓಡಿದ ಮೇಲೆ ಟಾರ್ಚು ಹಿಡಿದು ಮೇಲಿನಿಂದ ನೋಡುತ್ತಾ ಬಂದರು. ತಟ್ಟೆ ಇಟ್ಟ ಜಾಗದ ಕಡೆ ತಿರುಗಿಯೂ ನೋಡಲಿಲ್ಲ.

"ತೊಟ್ಟು ಬೀಳುವ ಜಾಗ ಅಂದ್ರೆ ಬಸ್ಸಿನ ಕಡೇ ಸ್ಟಾಪು. ಬಸ್ಸು ಹೊರಟದ್ದು ಎಲ್ಲಿಂದ ಅಂತ ನೋಡ್ಬೇಕು" ಎಂದರು. ಎಣ್ಣೆ ಕೆಳಗೆ ಇಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಹುಡುಕುವವನು ಮೇಲಕ್ಕೂ ಮುಂದಕ್ಕೂ ಹೋಗಬೇಕು. ಬಿಳಿ ಪೌಡರಿನ ಮೇಲೆ ಕಂದು ಗೆರೆಯೊಂದು ಮೂಡಿತ್ತು. ಎಂಜಿನ್ನಿನ ಮೇಲಿನ ಮುಚ್ಚಳದ ಅಂಚಿನಿಂದ ಅದು ಹೊರಟಿತ್ತು. ಯಾರೋ ಬೋಲ್ಟನ್ನು ಅತಿಯಾಗಿ ಬಿಗಿದು ಅಂಚು ಬಗ್ಗಿಸಿದ್ದರು. ಆಶಾನ್ ಅದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿ, ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿದರು.

ಬುಧವಾರ ಮತ್ತೆ ತೊಳೆದು ಪೌಡರ್ ಹಾಕಿದರು. ಈಗ ಮುಂದಿನ ಸೀಲಿನಿಂದ ಬರುತ್ತಿತ್ತು. ಅದನ್ನೂ ಬದಲಿಸಿದರು. ಗುರುವಾರ ಹಿಂದಿನಿಂದ ಮತ್ತೆ ಶುರು. ಡ್ರೈವರ್ ಚೇಟ್ಟನ್ ತಲೆಗೆ ಸುತ್ತಿದ್ದ ತೋರ್ತು ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ.

"ಬಿಟ್ಟುಬಿಡಿ ಆಶಾನೆ. ಒಂದು ಮುಚ್ಚಿದ್ರೆ ಇನ್ನೊಂದು ತೆರೀತದೆ. ಪೇಪರಲ್ಲಿ ಬಂದದ್ದೇ ಸರಿ."

ನಾನು ನನ್ನ ಚಪ್ಪಲಿ ನೋಡಿಕೊಂಡು ಕೂತಿದ್ದೆ.

ಆಶಾನ್ ಒಂದು ಟೈರಿನ ಮೇಲೆ ಕೂತು ಹಾಲಿಲ್ಲದ ಕಟ್ಟನ್ ಚಾಯ ಕುಡಿದರು. ಲೋಟ ಕೆಳಗಿಟ್ಟು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಭಾನುವಾರದ ಪುರವಣಿಯನ್ನು ತೆಗೆದು, ನನ್ನ ಸಾಲು ಇದ್ದ ಹಾಳೆಯನ್ನೇ ಹರಿದರು. ಎಂಜಿನ್ ಓಡುತ್ತಿರುವಂತೆಯೇ ಎಣ್ಣೆ ತುಂಬುವ ಮುಚ್ಚಳ ತಿರುಗಿಸಿ, ತೂತಿನ ಮೇಲೆ ಆ ಹಾಳೆ ಇಟ್ಟರು. ಹಾಳೆ ಹಾರಿ, ಒಮ್ಮೆ ಮಗುಚಿ, ಸೋಪಿನ ನೀರಿಗೆ ಬಿತ್ತು.

"ನೋಡಿ, ನೀವು ಬರೆದದ್ದು ಎಷ್ಟು ಹಗುರ" ಎಂದರು.

ಒಳಗೆ ಒತ್ತಡ ಕಟ್ಟಿಕೊಂಡಿತ್ತು. ಪ್ರತಿ ಎಂಜಿನ್ನಿಗೂ ಒಳಗಿನ ಗಾಳಿ ಹೊರಹೋಗಲು ಉಸಿರಿನ ಕೊಳವೆಯೊಂದು ಇರುತ್ತದಂತೆ. ಅದು ಕಟ್ಟಿಕೊಂಡರೆ ಗಾಳಿ ಸಿಕ್ಕ ಸಿಕ್ಕ ಸೀಲಿನಿಂದ ಎಣ್ಣೆಯನ್ನು ಹೊರದಬ್ಬುತ್ತದೆ. ಆಶಾನ್ ಲಾರಿಯ ಕೆಳಗೆ ಅಂಗಾತ ಮಲಗಿ, ಕೊಳವೆಯನ್ನು ಬೆರಳಲ್ಲೇ ತಡವುತ್ತಾ ಅದರ ತುದಿಗೆ ಹೋಗಿ, ಇಕ್ಕಳ ಹಾಕಿ ಎಳೆದರು. ಎಣ್ಣೆ ಕುಡಿದು ಗಟ್ಟಿಯಾಗಿದ್ದ ಬಟ್ಟೆಯ ಗೂಟವೊಂದು ಹೊರಬಂತು. ಒರೆಸಿದಾಗ ನೀಲಿ ಚೌಕುಳಿ ಕಂಡಿತು.

"ಅದು ನನ್ನ ಲುಂಗಿ" ಎಂದ ಡ್ರೈವರ್ ಚೇಟ್ಟನ್.

ಮೊದಲ ತಪಾಸಣೆಗೆ ಮುಂಚೆ ಆ ಕೊಳವೆಯ ತುದಿಯಿಂದ ಒಂದೆರಡು ತೊಟ್ಟು ಬೀಳುತ್ತಿತ್ತಂತೆ. ಇನ್‌ಸ್ಪೆಕ್ಟರ್ ನೋಡಿದರೆ ಕಷ್ಟ ಎಂದು ಹೆದರಿ ಹಳೆಯ ಲುಂಗಿ ಹರಿದು ತುರುಕಿದ್ದ. ಆ ತೊಟ್ಟು ನಿಂತಿತು. ಆದರೆ ಬೇರೆ ಕಡೆಯಿಂದ ಸೋರಿ ಲಾರಿ ತಪಾಸಣೆಯಲ್ಲಿ ಫೇಲಾಯಿತು. ಆಮೇಲೆ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಮೂರು ವರ್ಕ್‌ಶಾಪಿನವರಿಗೂ ಹೇಳಲಿಲ್ಲ.

ಬೈಗುಳ ಬೀಳುತ್ತದೆಂದು ನಾನು ಕಾದೆ. ಆಶಾನ್ ಕೈ ಒರೆಸಿಕೊಂಡು, "ಇದ್ದ ಒಂದು ಬಾಯಿ ಮುಚ್ಚಿದ್ರೆ ಅದು ಮೈಯೆಲ್ಲ ಬಾಯಿ ಮಾಡ್ಕೊಳ್ತದೆ ಮಾರಾಯ" ಎಂದರಷ್ಟೆ. ಪುರವಣಿಯ ಇನ್ನೊಂದು ಹಾಳೆಯನ್ನು ತೂತಿನ ಮೇಲಿಟ್ಟರು. ಅಂಚು ಸ್ವಲ್ಪ ಅಲುಗಿತು, ಹಾಳೆ ಕೂತೇ ಇತ್ತು. "ಎಂಜಿನ್ನು ಒಳಗೆ ಗಟ್ಟಿ ಉಂಟು" ಎಂದರು.

ಶುಕ್ರವಾರ ಲಾರಿ ಪಾಸಾಯಿತು. ಗುಜರಿಯವನಿಗೆ ಬರಬೇಡ ಎಂದು ಹೇಳಿದ್ದೂ ಆ ಮಗನೇ. ಆಶಾನ್‌ಗೆ ಮಾತ್ರ ಅದು ಸಾಲಲಿಲ್ಲ. ತಿರುವನಂತಪುರಕ್ಕೆ ಹಂಚಿನ ಲೋಡು ಹೋಗಿ ಲಾರಿ ವಾಪಸಾದ ದಿನ ನನ್ನನ್ನು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಮುಂಡು ಪಂಚೆ ಒಂದನ್ನು ಮನೆಯಿಂದ ತಂದಿದ್ದರು. ಅದನ್ನು ಎಂಜಿನ್ನಿನ ಕೆಳಗೆ ಹಾಸಿದರು. ಮೂವರೂ ಚಹಾ ಕುಡಿದೆವು, ಬಾಳೆಹಣ್ಣು ಕರಿದ ಪಳಂಪೊರಿ ತಿಂದೆವು. ಒಂದು ಗಂಟೆ ಬಿಟ್ಟು ಮುಂಡು ಎಳೆದರು. ರಸ್ತೆಯ ಧೂಳಿತ್ತು, ಒಂದು ಒಣಗಿದ ಎಲೆ ಇತ್ತು. ಎಣ್ಣೆ ಇರಲಿಲ್ಲ.

ಕೊಡವಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡರು. "ಈಗ ಬರೀರಿ. ತಪ್ಪು ಎಷ್ಟು ದೊಡ್ಡದಾಗಿ ಹಾಕಿದ್ರೋ ಅಷ್ಟೇ ದೊಡ್ಡದಾಗಿ ಹಾಕಿ, ಸಹಜ ಅಲ್ಲ ಅಂತ."

ಬರೆದುಕೊಟ್ಟೆ. ತಿದ್ದುಪಡಿ ಹಾಕುವುದು ಹೆಸರು, ಅಂಕಿ ತಪ್ಪಿದಾಗ ಎಂದರು ನಮ್ಮ ಸುದ್ದಿ ಸಂಪಾದಕರು. ಹಳೆಯ ಎಂಜಿನ್ ಸೋರುವುದು ಲೋಕಕ್ಕೆ ಗೊತ್ತಿರುವುದೇ, ಅದರಲ್ಲಿ ತಪ್ಪೇನಿದೆ ಎಂದೂ ಕೇಳಿದರು. ನಾನು ವಾದಿಸಲಿಲ್ಲ. ವಾದಿಸಬಹುದಿತ್ತು... ವಿಷಯ ತಿಳಿಸಿದಾಗ ಆಶಾನ್, "ನಿಮ್ಮ ಆಫೀಸಿನ ಪೈಪಿಗೆ ಯಾರ ಲುಂಗಿ ತುರುಕಿದ್ದಾರೆ?" ಎಂದು ಕೇಳಿದರು. ನಕ್ಕೆವು. ಆದರೆ ಆ ಮೇಲೆ ಸಿಕ್ಕಾಗಲೆಲ್ಲ ಅವರ ಮೊದಲ ಮಾತು ಒಂದೇ: "ಬಂತಾ?"

ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಎಷ್ಟೋ ವರ್ಷ ಕಳೆದು, ಕಾಲು ಊದಿಕೊಂಡಿದೆ ಎಂದು ಆಶಾನ್ ಉಳ್ಳೂರಿಗೆ ಬಂದರು. ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಎಳೆಯ ವಯಸ್ಸಿನ ಡಾಕ್ಟರು ಕಾಲು ಒತ್ತಿ ನೋಡಿ, ಪ್ರಾಯವಾಯಿತಲ್ಲವೇ ಎಂದರು. ಆಶಾನ್ ಎದ್ದೇಳಲಿಲ್ಲ. "ಪ್ರಾಯ ಎಷ್ಟು ಅಂತ ನನಗೆ ಗೊತ್ತು ಡಾಕ್ಟ್ರೆ. ನೀರು ಎಲ್ಲಿಂದ ಅಂತ ಹೇಳಿ" ಎಂದು ಮಲಯಾಳದಲ್ಲಿ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನಕ್ಕು, ಮೊದಲಿನಿಂದ ಎಲ್ಲವನ್ನೂ ಕೇಳಿದರು. ಹುಡುಕಿದರು, ಸಿಕ್ಕಿತು, ಊತ ಇಳಿಯಿತು. ಅದಾದ ಮೇಲೂ ಆಶಾನ್ ಕೆಲವು ವರ್ಷ ಲಾರಿಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದರು. ಉಳ್ಳೂರಿನಿಂದ ಹೊರಟ ದಿನ ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಬಗ್ಗಿ "ಬಂತಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದು ಐದು ತಿಂಗಳು ತಡವಾಗಿ. ಫೋನು ಮಾಡಿದ್ದು ಡ್ರೈವರ್ ಚೇಟ್ಟನ್. ಲಾರಿ ಇನ್ನೂ ಓಡುತ್ತಿದೆ ಎಂದೂ ಹೇಳಿದ. ವರ್ಕ್‌ಶಾಪು ಇದ್ದ ಜಾಗದಲ್ಲಿ ಈಗ ಕಾರು ತೊಳೆಯುತ್ತಾರೆ.

ಕಳೆದ ವಾರ ನೆಲಮಾಳಿಗೆಯಲ್ಲಿ ನಾನು ಟಾರ್ಚು ಹಿಡಿದು ಮೇಲಿನಿಂದ ನೋಡುತ್ತಿದ್ದಾಗ ಸಂಘದ ಕಾರ್ಯದರ್ಶಿ ಬಂದರು. "ಪಳಯ ವಂಡಿಯಲ್ಲೇ ಸಾರ್" ಎಂದರು, ಹಳೆಯ ಗಾಡಿಯಲ್ಲವೇ ಎಂದು.

"ಹಳೆಯದು ಹೌದು. ಸೋರುವುದು ಅದಕ್ಕಲ್ಲ. ಬಗ್ಗಿ ನೋಡಿ."

ಅವರನ್ನು ಇಸ್ತ್ರಿ ಅಂಗಿಯಲ್ಲೇ ಬಗ್ಗಿಸಿದೆ. ಬಿಳಿ ಪೌಡರಿನ ಮೇಲೆ, ಮುಚ್ಚಳದ ಒಂದು ಮೂಲೆಯಿಂದ ಕಂದು ಗೆರೆ ಇಳಿದಿತ್ತು. ಗ್ಯಾಸ್ಕೆಟ್ ತರಿಸಿದ್ದೇನೆ. ಬರುವ ಭಾನುವಾರ ಕಾರಿನ ಕೆಳಗೆ ಬಿಳಿ ಮುಂಡು ಹಾಸುತ್ತೇನೆ, ನೋಟೀಸಿನ ಮಾತು ಆಮೇಲೆ ಎಂದು ಅವರಿಗೆ ಹೇಳಿ ಕಳಿಸಿದೆ.

ಈಗ ನನ್ನ ಮೇಲೆ ಸಂಪಾದಕರಿಲ್ಲ. ಬಂತಾ ಎಂದು ಕೇಳುವವರೂ ಇಲ್ಲ. ಅವರಿಗೆ ಓದಲು ಬರುತ್ತಿದ್ದ ಭಾಷೆಯಲ್ಲಿ, ತೀರ ತಡವಾಗಿ, ಇದು:

ತಿದ್ದುಪಡಿ. ಕಳಮಶ್ಶೇರಿಯ ಒಂದು ಲಾರಿಯ ಚಿತ್ರದ ಕೆಳಗೆ, ವಯಸ್ಸಾದ ಎಂಜಿನ್ನಿನಿಂದ ಎಣ್ಣೆ ಸೋರುವುದು ಸಹಜ ಎಂದು ನಾನು ಬರೆದಿದ್ದೆ. ಅದು ತಪ್ಪು. ಆ ಎಂಜಿನ್ನಿನ ಉಸಿರಿನ ಕೊಳವೆಯಲ್ಲಿ ನೀಲಿ ಲುಂಗಿಯ ಚೂರು ಇತ್ತು. ಕಂಡುಹಿಡಿದವರು ಆಶಾನ್.