ನಂಬರ್ ಪ್ಲೇಟಿನ ಹಿಂದಿನ ಹಸಿರು

“ನೀವು ಬಳಿದಿರೋದು ಇಂಜಿನ್ನಿನ ಬಣ್ಣ ಅಲ್ಲ ಭಾಯಿ, ಬಿಸಿಲು, ಹೊಗೆಯ ಬಣ್ಣ” ಎಂದರು ಮಗನ್‌ಕಾಕಾ, ನಾನು ಮಾಡಿದ ಮರದ ಪುಟ್ಟ ಮಾದರಿ ಇಂಜಿನ್ನನ್ನು ತಿರುಗಿಸಿ ನೋಡುತ್ತ. ಬರೋಡಾದ ರೈಲ್ವೆ ಲೋಕೋ ಶೆಡ್ಡಿನಲ್ಲಿ ಬಣ್ಣ ಹೊಡೆದೇ ನಿವೃತ್ತರಾದವರು ಅವರು. ನಾನು ಅಲ್ಲಿನ ಗುಮಾಸ್ತ, ಧಾರವಾಡದಿಂದ ವರ್ಗವಾಗಿ ಬಂದವನು. ಅರವತ್ತರ ದಶಕದ ಮಾತು.

ಗುಜರಿಗೆ ಹೋಗಲಿದ್ದ ಹಳೇ ನ್ಯಾರೋಗೇಜ್ ಇಂಜಿನ್ನಿನ ಎದುರಿಗೇ ಕೂತು, ಅದರ ಮೈ ನೋಡಿ ನೋಡಿ ಆ ಮಂಕು ಹಸಿರನ್ನು ಕಲಸಿದ್ದೆ. ತಪ್ಪು ಎಂದದ್ದಕ್ಕೆ ಸಿಟ್ಟು ಬಂತು. ಹಾಗಾದರೆ ನನ್ನ ಕಣ್ಣೇ ಸುಳ್ಳಾ ಎಂದು ಕೇಳಿಯೂಬಿಟ್ಟೆ.

ಕಾಕಾ ಶೆಡ್ಡಿನ ಮೇಸ್ತ್ರಿಯಿಂದ ಸ್ಪ್ಯಾನರ್ ಇಸಿದುಕೊಂಡು ಇಂಜಿನ್ನಿನ ಹಿತ್ತಾಳೆಯ ನಂಬರ್ ಪ್ಲೇಟನ್ನು ಬಿಚ್ಚಿದರು. ಅದರ ಹಿಂದೆ, ಪ್ಲೇಟಿನಷ್ಟೇ ಅಗಲಕ್ಕೆ, ಆಗಷ್ಟೇ ತೊಳೆದ ಬಾಳೆಲೆಯಂಥ ಹಸಿರು ಹೊಳೆಯುತ್ತಿತ್ತು.

“ಪ್ಲೇಟ್ ಕೂರಿಸೋ ಮೊದಲು ಅಲ್ಲಿಗೂ ಪೂರ್ತಿ ಬಣ್ಣ ಹೊಡೀತಿದ್ವಿ. ಯಾರೂ ನೋಡಲ್ಲ ಅಂತ ಬಿಡ್ತಿರಲಿಲ್ಲ” ಎಂದರು. ಅಲ್ಲೇ ನೆಲದ ಮೇಲೆ ಕೂತು ಇಬ್ಬರೂ ಮತ್ತೆ ಬಣ್ಣ ಕಲಸಿದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಹಸಿರೂ ಅವರ ಹಸಿರೂ ಒಂದಾದವು.

ಮರುವಾರ ಇಂಜಿನ್ ಹೋಯಿತು. ಮರದ್ದು ನನ್ನ ಕಪಾಟಿನಲ್ಲಿದೆ. ಅದರ ಹೊರಮೈಯೂ ಈಗ ಮಾಸುತ್ತಿದೆ. ಚಿಂತೆಯಿಲ್ಲ. ಉಗುರಿನಷ್ಟಗಲದ ಅದರ ನಂಬರ್ ಪ್ಲೇಟಿನ ಹಿಂದೆಯೂ ಅದೇ ಹಸಿರು ಬಳಿದೇ ಮೊಳೆ ಹೊಡೆದಿದ್ದೇನೆ. ಬೇಕಾದವರು ಬಿಚ್ಚಿ ನೋಡಲಿ.